ಮೂಲೆ ಕಾಯುವವನ ಬೆಲೆ

1952ರ ಋತುವಿನಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಡಿಕ್ ಲೇನ್ ಹನ್ನೆರಡು ಪಂದ್ಯಗಳಲ್ಲಿ ಎದುರಾಳಿಗಳ 14 ಪಾಸುಗಳನ್ನು ನಡುದಾರಿಯಲ್ಲೇ ಕಸಿದುಕೊಂಡರು. ಅಮೆರಿಕದ ವೃತ್ತಿಪರ ಫುಟ್‌ಬಾಲ್‌ನಲ್ಲಿ ಆ ದಾಖಲೆ ಇವತ್ತಿಗೂ ಹಾಗೇ ನಿಂತಿದೆ. ಋತುವೊಂದರ ಪಂದ್ಯಗಳು ಹದಿನೇಳಕ್ಕೆ ಏರಿದ ಮೇಲೂ ಅದನ್ನು ಮುಟ್ಟಿದವರಿಲ್ಲ. ಮರುವರ್ಷ ಲೇನ್ ಕೈಗೆ ಸಿಕ್ಕಿದ್ದು ಮೂರೇ ಪಾಸು. ರ‍್ಯಾಮ್ಸ್ ಅವರನ್ನು ಶಿಕಾಗೊ ಕಾರ್ಡಿನಲ್ಸ್‌ಗೆ ಬಿಟ್ಟುಕೊಟ್ಟಿತು. 1954ರಲ್ಲಿ ಅಲ್ಲಿ ಅವರು 10 ಪಾಸು ಕಸಿದು ಮತ್ತೆ ಲೀಗ್‌ಗೇ ಮೊದಲಿಗರಾದರು. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಡೋಣ. 2010ರಲ್ಲಿ ಓಕ್ಲೆಂಡ್ ರೇಡರ್ಸ್‌ನ ನಾಮ್ಡಿ ಅಸೊಮ್ವಾ ಇಡೀ ಋತುವಿನಲ್ಲಿ ಒಂದು ಪಾಸನ್ನೂ ಕಸಿಯಲಿಲ್ಲ. ಅದರ ಹಿಂದಿನ ಮೂರು ವರ್ಷಗಳಲ್ಲಿ ವರ್ಷಕ್ಕೊಂದರಂತೆ ಕಸಿದಿದ್ದರು, ಅಷ್ಟೆ. ಆದರೂ 2011ರಲ್ಲಿ ಫಿಲಡೆಲ್ಫಿಯ ಈಗಲ್ಸ್ ಅವರಿಗೆ ಐದು ವರ್ಷಕ್ಕೆ 6 ಕೋಟಿ ಡಾಲರ್ ಕೊಡಲು ಒಪ್ಪಿತು. ಎರಡೇ ಋತು ಆಡಿಸಿ ಕೈಬಿಟ್ಟಿತು. ಹದಿನಾಲ್ಕು ಕಸಿದವರನ್ನು ಕಳಿಸಿಕೊಟ್ಟ ತಂಡದ ಲೆಕ್ಕವೂ ತಪ್ಪಿತು, ಒಂದೂ ಕಸಿಯದವರಿಗೆ ಕೋಟಿಗಟ್ಟಲೆ ಕೊಟ್ಟ ತಂಡದ ಲೆಕ್ಕವೂ ತಪ್ಪಿತು. ಈ ಎರಡು ತಪ್ಪುಗಳ ನಡುವಿನ ಆರು ದಶಕಗಳ ಚರಿತ್ರೆಯಿಂದ ಹೊರಡುವ ಮಾತು ಒಂದೇ ಎಂದು ನನಗೆ ತೋರುತ್ತದೆ. ಕಾರ್ನರ್‌ಬ್ಯಾಕ್ ಎಂಬ ಆಟಗಾರನ ಬೆಲೆ ಅವನೊಬ್ಬನಲ್ಲಿ ಇರುವುದಿಲ್ಲ. ಅವನ ಕಾಲದ ನಿಯಮ, ಮುಂದೆ ನುಗ್ಗುವವರು, ಪಕ್ಕದಲ್ಲಿ ನಿಲ್ಲುವವರು, ಹಿಂದೆ ಕಾಯುವವರು ಎಲ್ಲ ಸೇರಿ ಆ ಬೆಲೆ ಹುಟ್ಟುತ್ತದೆ. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಹೊರಗಿನಿಂದ ತರಬೇಕು ಎಂಬ ಪ್ರಶ್ನೆಗೆ ಸರಿಯುತ್ತರ ಕಂಡುಕೊಂಡ ತಂಡಗಳೆಲ್ಲ ಆಟಗಾರನನ್ನು ಅಳೆಯುವ ಮೊದಲು ತಮ್ಮನ್ನು ಅಳೆದುಕೊಂಡಿದ್ದವು.

ಕಬಡ್ಡಿ ನೋಡುವ ನಮ್ಮವರಿಗೆ ಮೂಲೆಯ ಆಟಗಾರ ಹೊಸಬನಲ್ಲ. ಎಡ ಮೂಲೆಯಲ್ಲೋ ಬಲ ಮೂಲೆಯಲ್ಲೋ ನಿಂತು ರೈಡರ್‌ನ ಪಾದಕ್ಕೆ ಹೊಂಚು ಹಾಕುವವನು ಒಬ್ಬನೇ ಹಿಡಿದಂತೆ ಕಾಣುತ್ತದೆ. ಪಕ್ಕದವರು ಸಕಾಲಕ್ಕೆ ಬಂದು ಕವಿಯದಿದ್ದರೆ ಆ ಹಿಡಿತ ನಿಲ್ಲುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಕಾರ್ನರ್‌ಬ್ಯಾಕ್‌ನ ಪಾಡೂ ಇದೇ. ಅವನು ನಿಲ್ಲುವುದು ಮೈದಾನದ ಅಂಚಿನಲ್ಲಿ, ಪಾಸು ಹಿಡಿಯಲು ಓಡುವ ರಿಸೀವರ್‌ನ ಎದುರಿಗೆ. ತಾನು ಎಲ್ಲಿಗೆ ಓಡುತ್ತೇನೆಂದು ರಿಸೀವರ್‌ಗೆ ಗೊತ್ತು, ಕಾರ್ನರ್‌ಗೆ ಗೊತ್ತಿಲ್ಲ. ಅವನು ಮುಂದಕ್ಕೆ ಓಡುತ್ತಾನೆ, ಇವನು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾನೆ. ಅವನು ದಿಕ್ಕು ಬದಲಿಸಿದ ಕ್ಷಣಕ್ಕೇ ಇವನ ಸೊಂಟ ತಿರುಗಬೇಕು. ಅರ್ಧ ಹೆಜ್ಜೆ ತಡವಾದರೆ ಇಡೀ ಕ್ರೀಡಾಂಗಣದ ಕಣ್ಣು ಇವನ ಮೇಲೆ. ಈ ಕೆಲಸದಲ್ಲೇ ಎರಡು ಕಸುಬುಗಳಿವೆ. ಒಂದು, ಆಳಿಗೆ ಆಳಾಗಿ ನಿಂತು ರಿಸೀವರ್ ಹೋದಲ್ಲೆಲ್ಲ ನೆರಳಿನಂತೆ ಹೋಗುವುದು. ಇನ್ನೊಂದು, ಗೊತ್ತುಮಾಡಿದ ಜಾಗ ಕಾಯುತ್ತ, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಕಣ್ಣನ್ನು ಓದುತ್ತ, ಚೆಂಡು ಹೊರಟ ಮೇಲೆ ಎರಗುವುದು. ಮೊದಲನೆಯದಕ್ಕೆ ಕಾಲು ಮತ್ತು ಕೈ ಬೇಕು, ಎರಡನೆಯದಕ್ಕೆ ಕಣ್ಣು ಮತ್ತು ತಾಳ್ಮೆ. ಕರಾರುಪತ್ರದಲ್ಲಿ ಎರಡಕ್ಕೂ ಒಂದೇ ಹೆಸರು. ಮುಂದಿನ ಸಾಲಿನವರು ಕ್ವಾರ್ಟರ್‌ಬ್ಯಾಕ್‌ನ ಮೇಲೆ ಎರಡೂವರೆ ಸೆಕೆಂಡಿನಲ್ಲಿ ಬಿದ್ದರೆ ಸಾಧಾರಣ ಕಾರ್ನರ್ ಕೂಡ ಗೆಲ್ಲುತ್ತಾನೆ. ಐದು ಸೆಕೆಂಡು ಬಿಟ್ಟರೆ ಎಂಥವನೂ ಸೋಲುತ್ತಾನೆ. ಇನ್ನೂ ಒಂದು ತೊಡಕಿದೆ. ಒಳ್ಳೆಯ ಕಾರ್ನರ್ ಇರುವ ಕಡೆಗೆ ಚೆಂಡೇ ಬರುವುದಿಲ್ಲ. ಅಂಥವನ ಕೆಲಸ ಅಂಕಿಯಾಗಿ ಎಲ್ಲೂ ದಾಖಲಾಗುವುದಿಲ್ಲ.

ಈ ಕಸುಬಿನ ಮೊದಲ ತಲೆಮಾರು ರೂಪುಗೊಂಡದ್ದೇ ಬೇರೆಯವರ ಅಗತ್ಯದಿಂದ. ಲೇನ್ ಸೈನ್ಯದಿಂದ ಬಿಡುಗಡೆಯಾಗಿ ವಿಮಾನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ತಮ್ಮ ಆಟದ ವರದಿಗಳನ್ನು ಅಂಟಿಸಿದ ಪುಸ್ತಕವೊಂದನ್ನು ಹಿಡಿದು ರ‍್ಯಾಮ್ಸ್ ಕಚೇರಿಗೆ ನಡೆದುಕೊಂಡೇ ಹೋಗಿ ಅವಕಾಶ ಕೇಳಿದರು. ಹೋಗಿದ್ದು ರಿಸೀವರ್ ಆಗಲು. ಆದರೆ ಆ ಜಾಗದಲ್ಲಿ ಟಾಮ್ ಫಿಯರ್ಸ್, ಎಲ್ರಾಯ್ ಹರ್ಷ್‌ರಂಥ ಘಟಾನುಘಟಿಗಳಿದ್ದುದರಿಂದ ಇವರನ್ನು ರಕ್ಷಣೆಗೆ ತಳ್ಳಿದರು. ಡಿಕ್ ಲೆಬೋ ಅವರನ್ನು 1959ರಲ್ಲಿ ಆರಿಸಿಕೊಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತರಬೇತಿ ಶಿಬಿರದಲ್ಲೇ ಕೈಬಿಟ್ಟಿತು. ಡೆಟ್ರಾಯಿಟ್ ಲಯನ್ಸ್ ಸೇರಿದ ಅವರು ಹದಿನಾಲ್ಕು ಋತುಗಳಲ್ಲಿ 62 ಪಾಸು ಕಸಿದರು. ಫ್ಲಾರಿಡಾ ಎ ಅಂಡ್ ಎಂ ಎಂಬ ಕಪ್ಪು ವಿದ್ಯಾರ್ಥಿಗಳ ವಿಶ್ವವಿದ್ಯಾಲಯದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಕೆನ್ ರೈಲಿ ಅವರನ್ನು 1969ರಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ಹೊಸಬರ ಆಯ್ಕೆಯ ಆರನೇ ಸುತ್ತಿನಲ್ಲಿ ಆರಿಸಿ ಕಾರ್ನರ್ ಮಾಡಿತು. ಇಲ್ಲಿ ಒಂದು ಕಹಿಸತ್ಯವನ್ನು ಹೇಳಲೇಬೇಕು. ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಕಪ್ಪು ಆಟಗಾರರನ್ನು ನಂಬದಿದ್ದ ಕಾಲ ಅದು. ಕಾಲಿನ ಚುರುಕು ಬೇಕಾದ ಅಂಚಿನ ಸ್ಥಾನಗಳಿಗೆ ಅವರನ್ನು ಸರಿಸುವುದು ರೂಢಿಯಾಗಿತ್ತು. ರೈಲಿಯವರು ಅದೇ ಬೆಂಗಾಲ್ಸ್‌ನಲ್ಲಿ ಹದಿನೈದು ಋತು ಆಡಿ 65 ಪಾಸು ಕಸಿದದ್ದು ಕ್ವಾರ್ಟರ್‌ಬ್ಯಾಕ್‌ನ ತಲೆಯಿಂದ. ಎಸೆಯುವವನ ಯೋಚನೆ ಹೇಗೆ ಓಡುತ್ತದೆಂದು ಅವರಿಗೆ ಒಳಗಿನಿಂದ ಗೊತ್ತಿತ್ತು. ಈ ಮೂವರ ಕತೆಯಲ್ಲೂ ಆಟಗಾರನ ಬೆಲೆಯನ್ನು ಮೊದಲು ಅಳೆದವರು ತಪ್ಪು ಅಳೆದಿದ್ದರು. ತಕ್ಕ ಜಾಗ ಸಿಕ್ಕ ಮೇಲೆಯೇ ಬೆಲೆ ಗೊತ್ತಾದದ್ದು.

ಆ ದಿನಗಳಲ್ಲಿ ಉಳಿಸಿಕೊಳ್ಳುವುದು ನಿರ್ಧಾರವೇ ಆಗಿರಲಿಲ್ಲ, ಮಾಲೀಕನ ಹಕ್ಕಾಗಿತ್ತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋದರೆ ಆ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು, ಎಷ್ಟೆಂಬುದು ತೀರ್ಮಾನವಾಗದಿದ್ದರೆ ಲೀಗ್‌ನ ಆಯುಕ್ತರು ನಿಗದಿ ಮಾಡುತ್ತಾರೆ ಎಂಬ ನಿಯಮ 1963ರಲ್ಲಿ ಬಂತು. ಆಯುಕ್ತ ಪೀಟ್ ರೊಜೆಲ್ ಅವರ ಹೆಸರಲ್ಲೇ ಪ್ರಸಿದ್ಧವಾದ ಈ ನಿಯಮದಿಂದಾಗಿ ಏನು ತೆರಬೇಕಾದೀತೋ ಎಂಬ ಭಯಕ್ಕೆ ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಜಾನ್ ಮ್ಯಾಕಿ ಹೂಡಿದ ದಾವೆಯಲ್ಲಿ 1976ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿದರೂ, ಮರುವರ್ಷದ ಒಪ್ಪಂದದ ಮೂಲಕ ಪರಿಹಾರದ ಪದ್ಧತಿ ಬೇರೆ ವೇಷದಲ್ಲಿ ಮರಳಿತು. ಹೀಗೆ ಕೈಕಾಲು ಕಟ್ಟಿದ ಮಾರುಕಟ್ಟೆಯಲ್ಲಿ ಒಬ್ಬ ಕಾರ್ನರ್‌ನ ನಿಜವಾದ ಬೆಲೆ ಎಷ್ಟೆಂದು ತಿಳಿಯುವ ದಾರಿಯೇ ಇರಲಿಲ್ಲ. ಬೆಲೆಯನ್ನು ತಲೆಕೆಳಗು ಮಾಡಬಲ್ಲ ಇನ್ನೊಂದು ಶಕ್ತಿ ಮಾತ್ರ ಆಗಲೇ ಕೆಲಸ ಮಾಡುತ್ತಿತ್ತು. ಅದು ಆಟದ ನಿಯಮ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೆಲ್ ಬ್ಲೌಂಟ್ ಎತ್ತರದ, ಬಲವಾದ ಆಟಗಾರ. 1975ರಲ್ಲಿ 11 ಪಾಸು ಕಸಿದು ವರ್ಷದ ಶ್ರೇಷ್ಠ ರಕ್ಷಕರೆನಿಸಿದವರು. ರಿಸೀವರ್ ಓಡುವ ದಾರಿಯುದ್ದಕ್ಕೂ ಅವನನ್ನು ತಳ್ಳಿ, ತಡೆದು, ಓಟದ ಲಯವನ್ನೇ ಕೆಡಿಸುವುದು ಅವರ ಪಟ್ಟು. ಇಂಥವರ ಕೈಯಲ್ಲಿ ಆಟ ಬಿಗಿಯಾಗಿ, 1977ರಲ್ಲಿ ಒಂದು ತಂಡ ಪಂದ್ಯಕ್ಕೆ ಗಳಿಸಿದ ಸರಾಸರಿ ಅಂಕ 17ರ ಆಸುಪಾಸಿಗೆ ಇಳಿಯಿತು. 1978ರಲ್ಲಿ ಲೀಗ್ ನಿಯಮ ಬದಲಿಸಿತು. ಐದು ಗಜ ದಾಟಿದ ಮೇಲೆ ರಿಸೀವರ್‌ನನ್ನು ಮುಟ್ಟುವಂತಿಲ್ಲ. ಜನ ಅದನ್ನು ಬ್ಲೌಂಟ್ ನಿಯಮವೆಂದೇ ಕರೆದರು. ಒಂದೇ ಬೇಸಿಗೆಯಲ್ಲಿ ತೋಳಿನ ಬಲದ ಬೆಲೆ ಇಳಿದು ಕಾಲಿನ ವೇಗದ ಬೆಲೆ ಏರಿತು. ಆಟಗಾರರ ದೇಹ ಅದೇ ಇತ್ತು, ತಕ್ಕಡಿ ಬದಲಾಗಿತ್ತು. ಬ್ಲೌಂಟ್ ತಮ್ಮ ಪಟ್ಟು ಬದಲಿಸಿಕೊಂಡು 1983ರವರೆಗೆ ಆಡಿದರು. ಎಲ್ಲರಿಗೂ ಅದು ಸಾಧ್ಯವಾಗುವ ಮಾತಲ್ಲ.

ಹೊಂದಿಕೆಯ ಬೆಲೆ ಏನೆಂದು ಮೊದಲು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1983ರ ಒಂದು ವಹಿವಾಟು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಮೈಕ್ ಹೇನ್ಸ್ ಸಂಬಳದ ತಕರಾರಿನಿಂದ ಆಡಲೊಪ್ಪದೆ ಕುಳಿತಿದ್ದರು. ಆಗ ಲಾಸ್ ಏಂಜಲೀಸ್‌ನಲ್ಲಿದ್ದ ರೇಡರ್ಸ್ ಮೊದಲ ಸುತ್ತಿನ ಒಂದು, ಎರಡನೇ ಸುತ್ತಿನ ಒಂದು ಡ್ರಾಫ್ಟ್ ಆಯ್ಕೆಯನ್ನು ತೆತ್ತು ನವೆಂಬರಿನಲ್ಲಿ ಅವರನ್ನು ತಂದಿತು. ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕೇ ಡ್ರಾಫ್ಟ್ ಆಯ್ಕೆ, ತಂಡವೊಂದರ ನಾಳೆಯ ಬಂಡವಾಳ. ಒಬ್ಬ ಕಾರ್ನರ್‌ಗೆ ಅಷ್ಟು ಕೊಡಬೇಕೇ ಎಂದು ಕೇಳಬಹುದಿತ್ತು. ಆದರೆ ರೇಡರ್ಸ್ ಮಾಲೀಕ ಅಲ್ ಡೇವಿಸ್ ನಂಬಿದ್ದು ಆಳಿಗೆ ಆಳಾಗಿ ನಿಲ್ಲುವ ಆಟವನ್ನು. ಒಂದು ಅಂಚಿನಲ್ಲಿ 1980ರಲ್ಲಿ 13 ಪಾಸು ಕಸಿದಿದ್ದ ಲೆಸ್ಟರ್ ಹೇಸ್ ಆಗಲೇ ಇದ್ದರು. ಕೊರತೆ ಇದ್ದದ್ದು ಇನ್ನೊಂದು ಅಂಚಿನಲ್ಲಿ. ಎರಡೂ ಅಂಚು ಭದ್ರವಾದರೆ ಉಳಿದ ಒಂಬತ್ತು ಮಂದಿಯನ್ನು ನಡುವಿಗೆ ತರಬಹುದು. 1984ರ ಜನವರಿಯಲ್ಲಿ ನಡೆದ, ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದ ವಾಷಿಂಗ್ಟನ್ ತಂಡ ಆ ಋತುವಿನಲ್ಲಿ 541 ಅಂಕ ಗಳಿಸಿ ಅಂದಿನ ದಾಖಲೆ ಮಾಡಿತ್ತು. ಅದು ಅಂದು ಗಳಿಸಿದ್ದು ಒಂಬತ್ತೇ ಅಂಕ. ರೇಡರ್ಸ್ 38–9ರಿಂದ ಗೆದ್ದಿತು. ಹೇನ್ಸ್ ದೊಡ್ಡ ಆಟಗಾರರೆಂಬುದು ಪೇಟ್ರಿಯಟ್ಸ್‌ಗೂ ಗೊತ್ತಿತ್ತು. ಅವರಿಂದ ತಮಗೆ ಆಗಬೇಕಾದ ಕೆಲಸ ಯಾವುದು ಎಂಬುದು ರೇಡರ್ಸ್‌ಗೆ ಗೊತ್ತಿತ್ತು.

ಮಾರುಕಟ್ಟೆಯ ಬಾಗಿಲು ನಿಜವಾಗಿ ತೆರೆದದ್ದು ಇನ್ನೂ ಹತ್ತು ವರ್ಷಕ್ಕೆ. 1989ರಲ್ಲಿ ತಂದ ಪದ್ಧತಿಯಲ್ಲಿ ಪ್ರತಿ ತಂಡವೂ 37 ಆಟಗಾರರನ್ನು ತನ್ನ ಹಿಡಿತದಲ್ಲಿಟ್ಟುಕೊಂಡು ಉಳಿದವರನ್ನಷ್ಟೇ ಬಿಡಬಹುದಿತ್ತು. 1992ರ ಸೆಪ್ಟೆಂಬರಿನಲ್ಲಿ ಫ್ರೀಮನ್ ಮೆಕ್‌ನೀಲ್ ಮತ್ತಿತರರ ದಾವೆಯಲ್ಲಿ ಜ್ಯೂರಿ ಅದು ಕಾನೂನಿಗೆ ವಿರುದ್ಧವೆಂದಿತು. 1993ರ ಒಪ್ಪಂದ ಆಟಗಾರರಿಗೆ ಸ್ವಾತಂತ್ರ್ಯ ಕೊಟ್ಟಿತು. ಅದಕ್ಕೆ ಪ್ರತಿಯಾಗಿ 1994ರಿಂದ ಪ್ರತಿ ತಂಡದ ಒಟ್ಟು ಸಂಬಳಕ್ಕೆ 3.46 ಕೋಟಿ ಡಾಲರಿನ ಮಿತಿ ಬಂತು. ಅಲ್ಲಿಂದ ಮುಂದೆ ಒಬ್ಬನಿಗೆ ಕೊಟ್ಟ ಡಾಲರ್ ಇನ್ನೊಬ್ಬನಿಂದ ಕಿತ್ತ ಡಾಲರ್. ಕಾರ್ನರ್ ಬೇಕೇ ಎಂಬ ಪ್ರಶ್ನೆ, ಕಾರ್ನರ್‌ಗಾಗಿ ಯಾರನ್ನು ಬಿಡಬೇಕು ಎಂದಾಯಿತು. ಈ ಹೊಸ ಲೋಕದ ಮೊದಲ ದೊಡ್ಡ ಹೆಸರು ಡಿಯಾನ್ ಸ್ಯಾಂಡರ್ಸ್. 1994ರಲ್ಲಿ ಹೆಚ್ಚು ಹಣ ಕೊಡುವವರಿದ್ದರೂ ಅವರು ಸ್ಯಾನ್ ಫ್ರಾನ್ಸಿಸ್ಕೊ ಜೊತೆ ಒಂದೇ ವರ್ಷಕ್ಕೆ, ಸುಮಾರು 11 ಲಕ್ಷ ಡಾಲರಿಗೆ ಒಪ್ಪಿದರು. ಆರು ಪಾಸು ಕಸಿದು, ಮೂರನ್ನು ಅಂಕಗಳಾಗಿಸಿ, ವರ್ಷದ ಶ್ರೇಷ್ಠ ರಕ್ಷಕರಾಗಿ, ತಂಡದೊಂದಿಗೆ ಸೂಪರ್ ಬೌಲ್ ಗೆದ್ದರು. 1995ರಲ್ಲಿ ಡಲ್ಲಸ್ ಕೌಬಾಯ್ಸ್ ಏಳು ವರ್ಷಕ್ಕೆ 3.5 ಕೋಟಿ ಡಾಲರ್ ಕೊಟ್ಟು ಅವರನ್ನು ಕರೆತಂದಿತು. ಅದರಲ್ಲಿ ಸುಮಾರು 1.3 ಕೋಟಿ ಸಹಿ ಹಾಕಿದ್ದಕ್ಕೆ ಕೊಟ್ಟ ಬೋನಸ್. ಬೋನಸ್ ಹಣ ಆಟಗಾರನ ಕೈಗೆ ಬೇಗ ಸೇರಿದರೂ ಮಿತಿಯ ಲೆಕ್ಕದಲ್ಲಿ ಕರಾರಿನ ವರ್ಷಗಳಿಗೆ ಹಂಚಿಹೋಗುತ್ತದೆ. ನಡುವೆ ಆಟಗಾರನನ್ನು ಬಿಟ್ಟರೆ ಉಳಿದ ಕಂತುಗಳು ತಂಡದ ತಲೆಗೆ ಬರುತ್ತವೆ. ಆಡದವನ ಹೆಸರಿನಲ್ಲಿ ಕಟ್ಟುವ ಬಾಕಿ ಅದು. ಕಾರ್ನರ್‌ಗಳ ವಿಷಯದಲ್ಲಿ ಎಷ್ಟೋ ತಂಡಗಳು ಈ ಬಾಕಿ ತೀರಿಸುತ್ತಲೇ ವರ್ಷಗಳನ್ನು ಕಳೆದಿವೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಸ್ಯಾಂಡರ್ಸ್ ಅವರಿಂದಲೇ. ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ, ಡಲ್ಲಸ್ ಹೀಗೆ ಎಲ್ಲಿ ಹೋದರೂ ಅವರು ದೊಡ್ಡವರಾಗಿಯೇ ಇದ್ದರಲ್ಲ, ಬೆಲೆ ಅವರೊಳಗೇ ಇತ್ತಲ್ಲ ಎನ್ನಬಹುದು. ಅಂಥವರು ತಲೆಮಾರಿಗೊಬ್ಬರೋ ಇಬ್ಬರೋ ಹುಟ್ಟುತ್ತಾರೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅವರ ಎದುರು ಅಂಚಿನಲ್ಲಿದ್ದವರ ಕತೆಯನ್ನು ನೋಡಿ. 1991ರ ಡ್ರಾಫ್ಟ್‌ನ ಹನ್ನೆರಡನೇ, ಕಟ್ಟಕಡೆಯ ಸುತ್ತಿನಲ್ಲಿ ಡಲ್ಲಸ್ ಸೇರಿದ ಲ್ಯಾರಿ ಬ್ರೌನ್ ಅದೇ 1995ರ ಋತುವಿನಲ್ಲಿ ಸ್ಯಾಂಡರ್ಸ್‌ರ ಜೊತೆಗಾರ. ಸ್ಯಾಂಡರ್ಸ್ ಕಡೆ ಎಸೆಯಲು ಯಾರಿಗೂ ಧೈರ್ಯವಿಲ್ಲದ್ದರಿಂದ ಚೆಂಡೆಲ್ಲ ಬ್ರೌನ್ ಕಡೆಗೇ. 1996ರ ಜನವರಿ 28ರಂದು ಪಿಟ್ಸ್‌ಬರ್ಗ್ ವಿರುದ್ಧದ ಸೂಪರ್ ಬೌಲ್‌ನ ದ್ವಿತೀಯಾರ್ಧದಲ್ಲಿ ಕ್ವಾರ್ಟರ್‌ಬ್ಯಾಕ್ ನೀಲ್ ಓಡೊನೆಲ್ ಎಸೆದ ಪಾಸೊಂದು ಬ್ರೌನ್ ನಿಂತಲ್ಲಿಗೇ ಬಂತು. ಹತ್ತಿರದಲ್ಲಿ ಪಿಟ್ಸ್‌ಬರ್ಗ್‌ನ ರಿಸೀವರ್ ಒಬ್ಬನೂ ಇಲ್ಲ. ಬ್ರೌನ್ ಹಿಡಿದು 44 ಗಜ ಓಡಿದರು. ನಾಲ್ಕನೇ ಕ್ವಾರ್ಟರ್‌ನಲ್ಲಿ ಮತ್ತೆ ಅದೇ ಕತೆ, ಈ ಸಲ 33 ಗಜ. ಎರಡೂ ಸಲ ಎಮಿಟ್ ಸ್ಮಿತ್ ಚೆಂಡನ್ನು ಗೆರೆ ದಾಟಿಸಿದರು. ಡಲ್ಲಸ್ 27–17ರಿಂದ ಗೆದ್ದಿತು, ಬ್ರೌನ್ ಪಂದ್ಯದ ಶ್ರೇಷ್ಠ ಆಟಗಾರರಾದರು. ಕೆಲವೇ ವಾರಗಳಲ್ಲಿ ರೇಡರ್ಸ್ ಅವರಿಗೆ ಐದು ವರ್ಷಕ್ಕೆ 1.25 ಕೋಟಿ ಡಾಲರಿನ ಕರಾರು ಕೊಟ್ಟಿತು. ಎರಡು ಋತುಗಳಲ್ಲಿ ಅವರು ಅಲ್ಲಿ ಆಡಿದ್ದು 12 ಪಂದ್ಯ. ಬ್ರೌನ್ ಅಪ್ರಾಮಾಣಿಕರೂ ಅಲ್ಲ, ಅಸಮರ್ಥರೂ ಅಲ್ಲ. ತಮ್ಮ ಪಾಲಿನ ಕೆಲಸ ಮಾಡಿದವರು. ರೇಡರ್ಸ್ ಕೊಂಡದ್ದು ಎರಡು ಕ್ಷಣಗಳನ್ನು, ಆ ಕ್ಷಣಗಳನ್ನು ಉಂಟುಮಾಡಿದ ಏರ್ಪಾಡು ಡಲ್ಲಸ್‌ನಲ್ಲೇ ಉಳಿಯಿತು. ಸ್ಯಾಂಡರ್ಸ್ ತಮ್ಮ ಬೆಲೆಯನ್ನು ಜೊತೆಗೇ ಒಯ್ಯಬಲ್ಲವರಾಗಿದ್ದರು ನಿಜ. ಪಕ್ಕದವರ ಬೆಲೆಯನ್ನೂ ಅವರೇ ಏರಿಸುತ್ತಿದ್ದರು ಎಂಬುದು ನನ್ನ ವಾದವನ್ನೇ ಗಟ್ಟಿಮಾಡುತ್ತದೆ.

ಹದಿನೈದು ವರ್ಷಗಳ ನಂತರ ಈಗಲ್ಸ್ ಮಾಡಿದ ತಪ್ಪು ಇದರ ಇನ್ನೊಂದು ಮುಖ. ಅಸೊಮ್ವಾ ರೇಡರ್ಸ್‌ನಲ್ಲಿ ಬೆಳೆದವರು. ವರ್ಷಗಟ್ಟಲೆ ಒಂದೇ ಅಂಚಿನಲ್ಲಿ ನಿಂತು, ಎದುರಿಗೆ ಬಂದವನ ಎದೆಗೆ ಕೈಯಿಟ್ಟು, ಅವನನ್ನು ಆಟದಿಂದಲೇ ಅಳಿಸಿಹಾಕುವ ಒಂದೇ ಕೆಲಸದಲ್ಲಿ ಪಳಗಿದವರು. ಈಗಲ್ಸ್‌ನಲ್ಲಿ ಆಗಲೇ ಇದ್ದ ಅಸಾಂಟೆ ಸ್ಯಾಮ್ಯುಯೆಲ್ ತದ್ವಿರುದ್ಧ ಕಸುಬಿನವರು, ದೂರ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಓದಿ ಎರಗುವವರು. ಇವರ ಜೊತೆಗೆ ಡೊಮಿನಿಕ್ ರಾಜರ್ಸ್-ಕ್ರೊಮಾರ್ಟಿ ಎಂಬ ಮೂರನೆಯ ಹೆಸರಾಂತ ಕಾರ್ನರ್ ಕೂಡ ಬಂದರು. ರಕ್ಷಣೆಯನ್ನು ನಡೆಸಬೇಕಾಗಿದ್ದ ಹ್ವಾನ್ ಕಾಸ್ಟಿಯೊ ಅದುವರೆಗೆ ಆಕ್ರಮಣದ ಮುಂಚೂಣಿ ಸಾಲಿಗೆ ತರಬೇತಿ ಕೊಡುತ್ತಿದ್ದವರು. ಅಸೊಮ್ವಾ ಅವರನ್ನು ಅಲ್ಲಿ ಇಲ್ಲಿ ನಿಲ್ಲಿಸಿದರು, ಜಾಗ ಕಾಯಲು ಹಚ್ಚಿದರು. ಕನಸಿನ ತಂಡವೆಂದು ಕರೆಸಿಕೊಂಡ ಈಗಲ್ಸ್ 2011ರಲ್ಲಿ ಎಂಟು ಗೆದ್ದು ಎಂಟು ಸೋತಿತು. 2012ರಲ್ಲಿ ಗೆದ್ದದ್ದು ನಾಲ್ಕೇ. 2013ರ ಮಾರ್ಚಿನಲ್ಲಿ ಅಸೊಮ್ವಾ ಹೊರಗೆ. ಪಾಠ ಕಲಿತರೇ ಎಂದರೆ, 2015ರಲ್ಲಿ ಅದೇ ತಂಡ ಸಿಯಾಟಲ್‌ನ ಬೈರನ್ ಮ್ಯಾಕ್ಸ್‌ವೆಲ್ ಅವರಿಗೆ ಆರು ವರ್ಷಕ್ಕೆ 6.3 ಕೋಟಿ ಡಾಲರ್ ಕೊಟ್ಟಿತು. ಸಿಯಾಟಲ್‌ನಲ್ಲಿ ಮ್ಯಾಕ್ಸ್‌ವೆಲ್ ಒಂದು ಅಂಚು ಕಾದರೆ ಇನ್ನೊಂದು ಅಂಚಿನಲ್ಲಿ ರಿಚರ್ಡ್ ಶೆರ್ಮನ್, ಹಿಂದೆ ಇಡೀ ಮೈದಾನವನ್ನು ಬಾಚಿ ಕಾಯುವ ಅರ್ಲ್ ಥಾಮಸ್. ಈ ಇಬ್ಬರೂ ಫಿಲಡೆಲ್ಫಿಯಕ್ಕೆ ಬರಲಿಲ್ಲ. ಒಂದೇ ಋತುವಿನ ನಂತರ ಮ್ಯಾಕ್ಸ್‌ವೆಲ್‌ರನ್ನು ಮಯಾಮಿಗೆ ಸಾಗಹಾಕಲಾಯಿತು. ಐದನೇ ಸುತ್ತಿನಲ್ಲಿ ಸಿಕ್ಕ ಶೆರ್ಮನ್‌ರನ್ನು ದೊಡ್ಡ ಮೊತ್ತ ಕೊಟ್ಟು ಉಳಿಸಿಕೊಂಡು, ಆರನೇ ಸುತ್ತಿನಲ್ಲಿ ಸಿಕ್ಕ ಮ್ಯಾಕ್ಸ್‌ವೆಲ್‌ರನ್ನು ಬಿಟ್ಟುಕೊಟ್ಟ ಸಿಯಾಟಲ್‌ಗೆ ತನ್ನ ಏರ್ಪಾಡಿನ ಕಂಬ ಯಾವುದು, ಹೆಂಚು ಯಾವುದು ಎಂಬ ಅರಿವಿತ್ತು.

ಒಂದೇ ಆಟದೊಳಗೆ ಈ ಇಡೀ ವಾದವನ್ನು ಕಾಣಬೇಕೆಂದರೆ 2015ರ ಫೆಬ್ರವರಿ 1ರ ಸೂಪರ್ ಬೌಲ್‌ನ ಕೊನೆಯ ಅರ್ಧ ನಿಮಿಷವನ್ನು ನೋಡಬೇಕು. ಪೇಟ್ರಿಯಟ್ಸ್ 28, ಸಿಯಾಟಲ್ 24. ಚೆಂಡು ಪೇಟ್ರಿಯಟ್ಸ್‌ನ ಗೆರೆಗೆ ಒಂದೇ ಗಜ ದೂರದಲ್ಲಿದೆ, ಹಾಕುವವರು ಸಿಯಾಟಲ್. ಬಲ ಬದಿಯಲ್ಲಿ ಇಬ್ಬರು ರಿಸೀವರ್‌ಗಳು ಒಬ್ಬರ ಹಿಂದೊಬ್ಬರು. ಮುಂದಿನ ಜರ್ಮೇನ್ ಕರ್ಸ್ ಅಡ್ಡಗಟ್ಟಬೇಕು, ಹಿಂದಿನ ರಿಕಾರ್ಡೊ ಲಾಕೆಟ್ ಒಳಕ್ಕೆ ನುಗ್ಗಿ ಪಾಸು ಹಿಡಿಯಬೇಕು. ಕರ್ಸ್ ಎದುರಿಗಿದ್ದವರು ಬ್ರಾಂಡನ್ ಬ್ರೌನರ್, ಹಿಂದಿನ ವರ್ಷವಷ್ಟೇ ಸಿಯಾಟಲ್‌ನಿಂದ ಹೊರಬಂದ ಆಜಾನುಬಾಹು. ಚೆಂಡು ಎದ್ದ ತಕ್ಷಣ ಬ್ರೌನರ್ ಎರಡೂ ಕೈಯಿಂದ ಕರ್ಸ್‌ರ ಎದೆಗೆ ಒತ್ತಿ ಅವರನ್ನು ನಿಂತಲ್ಲೇ ನಿಲ್ಲಿಸಿದರು. ಅಡ್ಡಗಟ್ಟಬೇಕಾದವರು ಅಲುಗದಿದ್ದುದರಿಂದ ಹಿಂದೆ ನಿಂತಿದ್ದ ಮಾಲ್ಕಮ್ ಬಟ್ಲರ್‌ಗೆ ದಾರಿ ತೆರೆಯಿತು. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ, ವೆಸ್ಟ್ ಅಲಬಾಮದಂಥ ಸಣ್ಣ ಕಾಲೇಜಿನಿಂದ ಬಂದ ಆ ಹೊಸಬ ಅಭ್ಯಾಸದಲ್ಲಿ ಇದೇ ಆಟಕ್ಕೆ ಸೋತಿದ್ದರು. ಈಗ ಗುರುತಿಸಿ, ಲಾಕೆಟ್‌ಗಿಂತ ಮೊದಲು ಜಿಗಿದು ಚೆಂಡನ್ನು ಕಸಿದರು. ಇನ್ನೊಂದು ಬದಿಯ ಕಾವಲು ಡಾರೆಲ್ ರೆವಿಸ್ ಅವರದು, ಒಂದು ವರ್ಷಕ್ಕೆ 1.2 ಕೋಟಿ ಡಾಲರ್ ಕೊಟ್ಟು ತಂದವರು. ಬೆಲೆ ಬಾಳುವವರು, ಬಿಟ್ಟು ಬಂದವರು, ಯಾರಿಗೂ ಬೇಡವಾಗಿದ್ದವರು ಹೀಗೆ ಮೂರು ಬಗೆಯ ಕಾರ್ನರ್‌ಗಳು ಒಂದೇ ಗೆರೆಯನ್ನು ಕಾದರು. ಆಮೇಲೆ ಬ್ರೌನರ್ ನ್ಯೂ ಆರ್ಲಿಯನ್ಸ್‌ಗೆ ಹೋದರು. ಅದೇ ಕೈಬಲಕ್ಕೆ ಅಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ದಂಡ ತೆರಬೇಕಾಯಿತು, ಒಂದೇ ವರ್ಷಕ್ಕೆ ಅವರನ್ನು ಕೈಬಿಟ್ಟರು.

ಪೇಟ್ರಿಯಟ್ಸ್ ತಂಡ ಬಿಲ್ ಬೆಲಿಚಿಕ್ ಅವರ ಕೈಯಲ್ಲಿದ್ದ ಎರಡು ದಶಕಗಳಲ್ಲಿ ಕಾರ್ನರ್‌ಗಳನ್ನು ಬಿಟ್ಟುಕೊಡುವುದನ್ನೇ ಒಂದು ಪದ್ಧತಿ ಮಾಡಿಕೊಂಡಿತ್ತು. 2005ರಲ್ಲಿ ಟೈ ಲಾ, 2008ರಲ್ಲಿ ಅಸಾಂಟೆ ಸ್ಯಾಮ್ಯುಯೆಲ್, 2018ರಲ್ಲಿ ಬಟ್ಲರ್, 2022ರಲ್ಲಿ ಜೆ.ಸಿ. ಜಾಕ್ಸನ್. ಇದು ಬರೀ ಜಿಪುಣತನ ಎಂಬುದು ಎರಡನೆಯ ಆಕ್ಷೇಪ. ಹಾಗಿದ್ದರೆ 2017ರಲ್ಲಿ ಬಫಲೋದಿಂದ ಸ್ಟೆಫನ್ ಗಿಲ್ಮೋರ್‌ರನ್ನು 6.5 ಕೋಟಿ ಡಾಲರ್ ಕೊಟ್ಟು ಏಕೆ ತಂದರು? ಮನೆಯಲ್ಲೇ ಇದ್ದ ಬಟ್ಲರ್‌ಗೆ ಕೊಡದ ಹಣವನ್ನು ಹೊರಗಿನವರಿಗೆ ಕೊಟ್ಟಿದ್ದು ತಮ್ಮ ಆಳಿಗೆ ಆಳಿನ ಆಟಕ್ಕೆ ಗಿಲ್ಮೋರ್ ಹೆಚ್ಚು ತಕ್ಕವರೆಂಬ ಲೆಕ್ಕದಿಂದ. 2019ರಲ್ಲಿ ಗಿಲ್ಮೋರ್ ವರ್ಷದ ಶ್ರೇಷ್ಠ ರಕ್ಷಕರಾಗಿ ಆ ಲೆಕ್ಕವನ್ನು ನಿಜಮಾಡಿದರು. ಡ್ರಾಫ್ಟ್ ಆಗದೇ ಬಂದು ನಾಲ್ಕು ವರ್ಷದಲ್ಲಿ 25 ಪಾಸು ಕಸಿದ ಜಾಕ್ಸನ್‌ಗೆ ಚಾರ್ಜರ್ಸ್ ಐದು ವರ್ಷಕ್ಕೆ 8.25 ಕೋಟಿ ಕೊಟ್ಟಿತು. ಬೇರೆ ಬಗೆಯ ರಕ್ಷಣೆಯಲ್ಲಿ ತೊಡಗುವ ಹೊತ್ತಿಗೆ ಮೊಣಕಾಲಿಗೆ ಪೆಟ್ಟು, 2023ರ ಅಕ್ಟೋಬರಿನಲ್ಲಿ ಮರಳಿ ಪೇಟ್ರಿಯಟ್ಸ್‌ಗೆ. ಆದರೆ ಟೈ ಲಾ ಅವರ ವಿಷಯದಲ್ಲಿ ಆಕ್ಷೇಪಕ್ಕೆ ಬಲವಿದೆ. 2004ರ ಜನವರಿಯಲ್ಲಿ ಪೇಟನ್ ಮ್ಯಾನಿಂಗ್ ಅವರ ಮೂರು ಪಾಸುಗಳನ್ನು ಒಂದೇ ಪಂದ್ಯದಲ್ಲಿ ಕಸಿದ ಲಾ, ಬಿಡುಗಡೆಯಾದ ವರ್ಷವೇ ನ್ಯೂಯಾರ್ಕ್ ಜೆಟ್ಸ್‌ಗೆ ಆಡಿ 10 ಪಾಸು ಕಸಿದರು. ಪೇಟ್ರಿಯಟ್ಸ್ ಅವರ ಕಾಲನ್ನು ತಪ್ಪಾಗಿ ಓದಿತ್ತು ಎಂದು ಒಪ್ಪಲೇಬೇಕು. ಆದರೂ ಆ ಜೆಟ್ಸ್ ಗೆದ್ದದ್ದು ನಾಲ್ಕೇ ಪಂದ್ಯ. ಲಾ ಗಾಯಗೊಂಡಿದ್ದ 2004ರ ಋತುವಿನಲ್ಲಿ ಟ್ರಾಯ್ ಬ್ರೌನ್ ಎಂಬ ರಿಸೀವರ್‌ನನ್ನೇ ಕಾರ್ನರ್ ಆಗಿ ನಿಲ್ಲಿಸಿ ಪೇಟ್ರಿಯಟ್ಸ್ ಸೂಪರ್ ಬೌಲ್ ಗೆದ್ದಿತ್ತು. ಒಬ್ಬರ ಹತ್ತು ಕಸಿತ ಒಂದು ತಂಡವನ್ನು ಎತ್ತಲಿಲ್ಲ, ಒಬ್ಬರ ಗೈರುಹಾಜರಿ ಇನ್ನೊಂದನ್ನು ಬೀಳಿಸಲಿಲ್ಲ.

ಮೂರನೆಯ ಆಕ್ಷೇಪ ನಮ್ಮ ಕಾಲದ್ದು. 2014ರಿಂದೀಚೆಗೆ ಆಟಗಾರರ ಭುಜಕವಚದಲ್ಲಿ ಸಣ್ಣ ಚಿಪ್‌ಗಳಿವೆ. ಯಾರು ಎಷ್ಟು ವೇಗದಲ್ಲಿ ಓಡಿದರು, ರಿಸೀವರ್‌ನಿಂದ ಎಷ್ಟು ದೂರವಿದ್ದರು ಎಂಬುದೆಲ್ಲ ದಾಖಲಾಗುತ್ತದೆ. ಇನ್ನು ಊಹೆಯ ಕಾಲ ಮುಗಿಯಿತು ಎನ್ನುವವರಿದ್ದಾರೆ. ಅಂಕಿಗಳು ಬಂದದ್ದು ಒಳ್ಳೆಯದೇ. ಚೆಂಡು ಬಾರದ ಕಡೆ ನಡೆದ ಕೆಲಸವೂ ಈಗ ಸ್ವಲ್ಪ ಕಾಣುತ್ತದೆ. ಆದರೆ ಆ ಅಂಕಿಗಳೂ ಯಾವುದೋ ಒಂದು ತಂಡದ ಏರ್ಪಾಡಿನೊಳಗೆ ಹುಟ್ಟಿದವು. ಹಿಂದೆ ಕೊನೆಯ ಸಾಲು ಕಾಯುವ ಒಳ್ಳೆಯ ಸೇಫ್ಟಿ ಇದ್ದವನು ಧೈರ್ಯವಾಗಿ ಹತ್ತಿರ ನಿಲ್ಲುತ್ತಾನೆ, ಇಲ್ಲದವನು ಹೆದರಿ ದೂರ ನಿಲ್ಲುತ್ತಾನೆ. ಚಿಪ್ ದೂರವನ್ನು ಅಳೆಯುತ್ತದೆ, ಆ ದೂರಕ್ಕೆ ಯಾರು ಕಾರಣ ಎಂದು ಹೇಳುವುದಿಲ್ಲ. ವಯಸ್ಸಿನ ಲೆಕ್ಕವೂ ಹಾಗೆಯೇ. ಮೂವತ್ತು ಸಮೀಪಿಸಿದ ಕಾರ್ನರ್‌ಗೆ ಹಣ ಕೊಡಬಾರದೆಂಬ ಸೂತ್ರ ಬಹುಪಾಲು ನಿಜ. ಆದರೆ 2006ರಲ್ಲಿ 29ರ ಚಾರ್ಲ್ಸ್ ವುಡ್‌ಸನ್‌ರನ್ನು ಗ್ರೀನ್ ಬೇ ಹೊರತು ಹೆಚ್ಚು ತಂಡಗಳು ಕೇಳಲಿಲ್ಲ. ಗ್ರೀನ್ ಬೇ ಅವರನ್ನು ಅಂಚಿಗೇ ಕಟ್ಟಿಹಾಕದೆ ಒಳಕ್ಕೂ ತಂದು, ಓದುವ, ಎರಗುವ ಕೆಲಸ ಕೊಟ್ಟಿತು. 2009ರಲ್ಲಿ ಅವರು ವರ್ಷದ ಶ್ರೇಷ್ಠ ರಕ್ಷಕ. ರಾಡ್ ವುಡ್‌ಸನ್ ಕಾರ್ನರ್‌ನಿಂದ ಸೇಫ್ಟಿಗೆ ಸರಿದು 71 ಪಾಸುಗಳ ಲೆಕ್ಕದೊಂದಿಗೆ ನಿವೃತ್ತರಾದರು. ಕಾಲು ಸೋತರೂ ಕಣ್ಣು ಸೋಲುವುದಿಲ್ಲ. ಆ ಕಣ್ಣಿಗೆ ಕೆಲಸ ಕೊಡಬಲ್ಲ ತಂಡಕ್ಕೆ ಹಿರಿಯ ಕಾರ್ನರ್ ಲಾಭ, ಕೊಡಲಾರದ ತಂಡಕ್ಕೆ ಹೊರೆ.

ಇಷ್ಟು ಹೊತ್ತು ತಂಡದ ಕಡೆಯಿಂದ ಯೋಚಿಸಿದೆವು. ಆಟಗಾರನ ಕಡೆಯ ನ್ಯಾಯವನ್ನು ಮರೆತರೆ ಈ ಚರಿತ್ರೆ ಅರ್ಧವಾಗುತ್ತದೆ. ಮ್ಯಾಕಿ, ಮೆಕ್‌ನೀಲ್‌ರಂಥವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ತಮ್ಮ ದುಡಿಮೆಗೆ ಬೆಲೆ ಕಟ್ಟುವ ಹಕ್ಕು ತಮಗೂ ಬೇಕೆಂದು. ಹೊಂದಿಕೆಯ ಮಾತನ್ನು ಮಾಲೀಕರು ಸಂಬಳ ಇಳಿಸುವ ನೆಪ ಮಾಡಿಕೊಳ್ಳಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಟ್ಟವರು ರೆವಿಸ್. 2012ರಲ್ಲಿ ಮೊಣಕಾಲಿನ ದೊಡ್ಡ ಗಾಯ, 2013ರಲ್ಲಿ ಜೆಟ್ಸ್‌ನಿಂದ ಟ್ಯಾಂಪಾಕ್ಕೆ, ಅಲ್ಲಿ ಆರು ವರ್ಷಕ್ಕೆ 9.6 ಕೋಟಿಯ ಕರಾರು. ಅದರಲ್ಲಿ ಖಾತರಿ ಹಣವೇ ಇರಲಿಲ್ಲ. ವರ್ಷ ತುಂಬುವಷ್ಟರಲ್ಲಿ ಟ್ಯಾಂಪಾ ಕೈಬಿಟ್ಟಿತು. ಕೂಡಲೇ ಪೇಟ್ರಿಯಟ್ಸ್, ಅಲ್ಲಿ ಸೂಪರ್ ಬೌಲ್, 2015ರಲ್ಲಿ ಮತ್ತೆ ಜೆಟ್ಸ್‌ನಿಂದ ಐದು ವರ್ಷಕ್ಕೆ 7 ಕೋಟಿ, ಅದರಲ್ಲಿ 3.9 ಕೋಟಿ ಖಾತರಿ. ತಂಡಗಳು ಹೇಗೆ ಲೆಕ್ಕ ಹಾಕುತ್ತವೋ ಹಾಗೇ ಅವರೂ ಹಾಕಿದರು. ಎಲ್ಲಿ ತಮ್ಮ ಕಸುಬಿಗೆ ಜಾಗವಿದೆಯೋ ಅಲ್ಲಿಗೆ ಹೋದರು, ತಮ್ಮ ಬೆಲೆಯನ್ನು ತಾವೇ ಹೇಳಿದರು. ಹೊಂದಿಕೆಯ ಅರಿವು ಎರಡೂ ಕಡೆಗೆ ಸೇರಿದ್ದು. ತಪ್ಪು ಜಾಗಕ್ಕೆ ಹೋಗಿ ಹೆಸರು ಕೆಡಿಸಿಕೊಂಡ ಆಟಗಾರನಿಗೆ ಆಗುವ ನಷ್ಟ ತಂಡದ್ದಕ್ಕಿಂತ ದೊಡ್ಡದು. ಅವನಿಗೆ ಇರುವುದು ಆಡಲು ಕೆಲವೇ ವರ್ಷ.

ಈಗಲ್ಸ್ ಕೊನೆಗೂ ಕಲಿಯಿತು. 2024ರಲ್ಲಿ, ಸಂಬಳದ ಮಿತಿ 25.54 ಕೋಟಿ ಡಾಲರಿಗೆ ಏರಿದ್ದ ಕಾಲದಲ್ಲಿ, ಅದು ಹೊರಗಿನ ಹೆಸರಾಂತ ಕಾರ್ನರ್‌ಗೆ ಹಣ ಸುರಿಯಲಿಲ್ಲ. ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಕ್ವಿನ್ಯನ್ ಮಿಚೆಲ್, ಎರಡನೇ ಸುತ್ತಿನಲ್ಲಿ ಕೂಪರ್ ಡಿಜೀನ್ ಅವರನ್ನು ಆರಿಸಿ, ಜೊತೆಗೆ ಅನುಭವಿ ಡೇರಿಯಸ್ ಸ್ಲೇ ಅವರನ್ನು ಒಂದು ಋತು ಉಳಿಸಿಕೊಂಡಿತು. ರಕ್ಷಣೆಯ ಸೂತ್ರ ಹಿಡಿದ ವಿಕ್ ಫ್ಯಾಂಜಿಯೊ ಯಾವ ಕೆಲಸಕ್ಕೆ ಯಾರು ಎಂಬುದನ್ನು ಮೊದಲೇ ತಿಳಿದಿದ್ದರು. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಕನ್ಸಾಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮೇಲೆ ಹಿಂದಿನ ಸಾಲಿನಿಂದ ಒಬ್ಬರನ್ನೂ ನುಗ್ಗಿಸದೆ, ಮುಂಚೂಣಿಯ ನಾಲ್ವರಿಂದಲೇ ಆರು ಸಲ ಕೆಡವಿದರು. ಅವಸರದಲ್ಲಿ ಹೊರಟ ಒಂದು ಪಾಸನ್ನು ಡಿಜೀನ್ ಕಸಿದು 38 ಗಜ ಓಡಿ ಅಂಕ ಗಳಿಸಿದರು. 40–22ರ ಆ ಗೆಲುವಿನ ಮರುತಿಂಗಳೇ ಸ್ಲೇ ಅವರನ್ನು ಬೀಳ್ಕೊಟ್ಟರು. ಆ ಕಸಿತ ಯಾರದು ಎಂದರೆ ದಾಖಲೆಯಲ್ಲಿ ಡಿಜೀನ್ ಹೆಸರಿದೆ, ಅರ್ಧ ಪಾಲು ಮುಂದಿನ ನಾಲ್ವರದು. ಈ ಪಾಲನ್ನು ಹಂಚಿ ನೋಡಬಲ್ಲ ತಂಡಕ್ಕೆ ಮಾತ್ರ ಕಾರ್ನರ್‌ನ ಬೆಲೆ ತಿಳಿಯುತ್ತದೆ. ಹದಿನೈದು ಋತು ಒಂದೇ ಅಂಗಿ ತೊಟ್ಟ ಕೆನ್ ರೈಲಿ ಒಮ್ಮೆಯೂ ತಾರಾ ಆಟಗಾರರ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆಯಾಗಲಿಲ್ಲ. 1983ರ ತಮ್ಮ ಕೊನೆಯ ಋತುವಿನಲ್ಲೂ, 36ನೇ ವಯಸ್ಸಿನಲ್ಲಿ, ಎಂಟು ಪಾಸು ಕಸಿದರು. 2020ರಲ್ಲಿ ತೀರಿಕೊಂಡ ಅವರಿಗೆ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2023ರಲ್ಲಿ. ಹೊರಗಿನ ಲೋಕಕ್ಕೆ ನಾಲ್ಕು ದಶಕ ಹಿಡಿದ ಆ ಲೆಕ್ಕವನ್ನು ಸಿನ್ಸಿನಾಟಿ ಹದಿನೈದು ವರ್ಷವೂ ಪ್ರತಿ ಬೇಸಿಗೆಯಲ್ಲಿ ಸರಿಯಾಗಿಯೇ ಹಾಕಿತ್ತು. ಅವರನ್ನು ಉಳಿಸಿಕೊಂಡಿತ್ತು.